ಉತ್ತರಮ್ಮ ಬರೆದ ಎರಡು ಚೀಟಿ

ಸಚಿವಾಲಯದ ಮೂರನೇ ಮಹಡಿಯಲ್ಲಿ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ ಹೆಂಗಸನ್ನು ಎಲ್ಲರೂ ಉತ್ತರಮ್ಮ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಆ ಕಟ್ಟಡದಲ್ಲಿ ಬೆನ್ನ ಹಿಂದೆ ಆಡಿದ ಮಾತು ಎದುರಿಗೆ ಆಡಿದ್ದಕ್ಕಿಂತ ಬೇಗ ತಲುಪುತ್ತಿತ್ತು. ಆಕೆ ಬೇಸರಪಟ್ಟುಕೊಂಡಿರಲಿಲ್ಲ. ಸಂಸತ್ತಿನಲ್ಲಿ ಸದಸ್ಯರು ಶಿಕ್ಷಣ ಸಚಿವರಿಗೆ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ಕೆಲಸದ ಹೆಸರೇ ಮನುಷ್ಯರಿಗೂ ಅಂಟಿಕೊಳ್ಳುವುದು ಲೋಕದಲ್ಲಿ ಹೊಸದೇನಲ್ಲ. ಉತ್ತರ ಅವಳು ಬರೆಯುವಳು, ಸಚಿವರು ಎದ್ದು ನಿಂತು ಓದುವರು, ಮರುದಿನ ಪತ್ರಿಕೆಗಳು ಸಚಿವರು ಹೇಳಿದರು ಎಂದು ಬರೆಯುವವು. ಇಪ್ಪತ್ತೆಂಟು ವರ್ಷಗಳಲ್ಲಿ ಎಂಟು ಮಂದಿ ಸಚಿವರು ಅವಳ ಮಾತನ್ನು ಆಡಿ ಹೋಗಿದ್ದರು.

ಬರೆಯುವ ಮುಂಚೆ ಒಂದು ನಿಮಿಷ ಕಣ್ಣು ಮುಚ್ಚಿ ಕೂರುವುದು ಅವಳ ಅಭ್ಯಾಸ. ಹೊಸಬರು ಜೊಂಪು ಹತ್ತಿದೆ ಎಂದುಕೊಳ್ಳುತ್ತಿದ್ದರು. ಅವಳು ದೇವರಲ್ಲಿ ಒಂದೇ ಬೇಡುತ್ತಿದ್ದಳು: ನನ್ನ ಕೈಯಿಂದ ಯಾರಿಗೂ ಕೇಡಾಗದಿರಲಿ. ಆಮೇಲೆ ಕಣ್ಣು ತೆರೆದು, “ಇಲ್ಲ. ಆದ್ದರಿಂದ ಉಳಿದ ಭಾಗಗಳು ಉದ್ಭವಿಸುವುದಿಲ್ಲ” ಎಂದು ಬರೆಯುತ್ತಿದ್ದಳು.

ಈ ಕೆಲಸಕ್ಕೆ ಅವಳದೇ ಒಂದು ನೀತಿ ಇತ್ತು. ಕೇಳಿದ್ದಕ್ಕೆ ಮಾತ್ರ ಹೇಳು. ಕೇಳದ್ದನ್ನು ಹೇಳಿದರೆ ಅದು ಇನ್ನೊಂದು ಪ್ರಶ್ನೆಗೆ ತಾಯಿಯಾಗುತ್ತದೆ. ಇದು ಮನೆಗೂ ನಡೆದುಬಂದಿತ್ತು. ಗಡಿಯಾರ ರಿಪೇರಿ ಮಾಡುವ ಗಂಡ ಒಂದು ದಿನ ಒಳಗಿನಿಂದ, “ಹಾಲು ಇದೆಯೇನೇ?” ಎಂದು ಕೂಗಿದ. “ಇದೆ” ಎಂದಳು. ಕಾಫಿಗೆ ಹಾಕಿದ, ಒಡೆಯಿತು.

“ಕೆಟ್ಟಿದೆ ಅಂತ ಹೇಳಬಾರದಾ?”

“ನೀವು ಕೇಳಿದ್ದು ಇದೆಯಾ ಅಂತ.”

“ನಿನ್ನ ಜೊತೆ ಸಂಸಾರ ಮಾಡೋಕೆ ವಿರೋಧ ಪಕ್ಷದಲ್ಲಿ ತರಬೇತಿ ಬೇಕು” ಎಂದು ಅವನು ಕಾಫಿ ಚೆಲ್ಲಿದ.

ಒಂಬತ್ತನೆಯ ಸಚಿವರು ಬಂದು ಎರಡು ತಿಂಗಳಾಗಿತ್ತು. ಅವರು ಮೊದಲು ಹಲ್ಲಿನ ಡಾಕ್ಟರು. ಯಾರನ್ನಾದರೂ ಏನಾದರೂ ಕೇಳಿದ ಮೇಲೆ, ಎದುರಿನವರ ಬಾಯಲ್ಲಿ ಹತ್ತಿ ತುರುಕಿದೆಯೇನೋ ಎಂಬಂತೆ ಸಮಾಧಾನದಿಂದ ಕಾಯುತ್ತಿದ್ದರು. ಕನ್ನಡಕ ಮರೆತು ಬರುವುದು ಅವರಿಗೆ ರೂಢಿ. ಹಾಗಾಗಿ ಅವರಿಗೆ ಹೋಗುವ ಚೀಟಿಗಳನ್ನೆಲ್ಲ ಉತ್ತರಮ್ಮನ ದುಂಡನೆಯ ದೊಡ್ಡ ಅಕ್ಷರದಲ್ಲೇ ಬರೆಸುತ್ತಿದ್ದರು.

ಅಧಿವೇಶನದ ಎರಡನೇ ವಾರಕ್ಕೆ ಒಂದು ಪ್ರಶ್ನೆ ಬಂತು. ಕೇಳಿದವರು ವಿರೋಧ ಪಕ್ಷದ ಒಬ್ಬ ಮುದುಕಿ ಸದಸ್ಯೆ, ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿ ಆಗಿದ್ದವರು. ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದ ಮೇಲೂ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಇವೆಯೇ, ಇದ್ದರೆ ಎಷ್ಟು, ಆ ಶಿಕ್ಷಕರು ರಜೆ ಹೋದಾಗ ಪಾಠ ಮಾಡುವವರು ಯಾರು?

ಉತ್ತರಮ್ಮ ಹಳೆಯ ಕಡತ ತೆಗೆದಳು. ಅಲ್ಲಿನ ಕೆಲಸದ ಮೊದಲ ಪಾಠವೇ ಅದು: ಹೊಸ ಪ್ರಶ್ನೆ ಎಂಬುದಿಲ್ಲ, ಹಿಂದೆ ಏನು ಹೇಳಿದ್ದೇವೆ ನೋಡು. ಹಿಂದೆ ಹೇಳಿದ್ದು ಸರಿಯೋ ತಪ್ಪೋ ಅದು ಬೇರೆ ವಿಷಯ. ಈಗ ಹೇಳುವುದು ಅದಕ್ಕೆ ಹೊಂದಬೇಕು. ಎತ್ತು ಈಯಿತು ಎಂದು ಒಮ್ಮೆ ಸದನದಲ್ಲಿ ಹೇಳಿದ್ದರೆ, ಮುಂದಿನ ವರ್ಷ ಕರುವಿನ ಆರೋಗ್ಯ ಉತ್ತಮವಾಗಿದೆ ಎಂದೇ ಬರೆಯಬೇಕು.

ಹಿಂದಿನ ಉತ್ತರ ಏಳು ವರ್ಷದಿಂದ ಒಂದೇ ಆಗಿತ್ತು. “ಇಲ್ಲ. ನೀತಿಯನ್ವಯ ರಚಿಸಿದ ಶಾಲಾ ಸಮೂಹಗಳ ಮೂಲಕ ಪ್ರತಿ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರು ಲಭ್ಯರಿದ್ದಾರೆ.” ಮೊದಲ ಸಲ ಅದನ್ನು ಬರೆದವಳು ಅವಳೇ. ಅಕ್ಕಪಕ್ಕದ ಮೂರು ನಾಲ್ಕು ಶಾಲೆಗಳನ್ನು ಒಂದು ಸಮೂಹ ಮಾಡಿ, ಅಲ್ಲಿರುವ ಶಿಕ್ಷಕರೆಲ್ಲ ಎಲ್ಲ ಶಾಲೆಗೂ ಸೇರಿದವರು ಎಂದು ನೀತಿ ಹೇಳಿತ್ತು. ಒಬ್ಬ ಮೇಷ್ಟ್ರು ಎರಡು ಶಾಲೆಯ ಲೆಕ್ಕದಲ್ಲಿ ಇರಬಹುದು. ಎರಡು ಶಾಲೆಯಲ್ಲಿ ಇರಬೇಕೆಂದೇನೂ ಇರಲಿಲ್ಲ. ‘ಲಭ್ಯರಿದ್ದಾರೆ’ ಎಂಬ ಮಾತು ಹೊಳೆದ ದಿನ ಅಂದಿನ ಕಾರ್ಯದರ್ಶಿಗಳು ಅವಳನ್ನು ಕರೆದು ಕಾಫಿ ಕೊಡಿಸಿದ್ದರು. ಮನೆಗೆ ಬಂದು ಗಂಡನಿಗೂ ಹೇಳಿಕೊಂಡಿದ್ದಳು.

ಆ ಭಾನುವಾರ ಅವಳು ತಂಗಿಯ ಮನೆಗೆ ಹೋದಳು. ತಂಗಿ ಟೀಚರು. ಎರಡು ಗಂಟೆ ಬಸ್ಸಿನಲ್ಲಿ ಹೋಗಿ ಕೊನೆಯ ನಿಲ್ದಾಣದಲ್ಲಿ ಇಳಿದರೆ ಕಲ್ಲಿನ ಗಣಿ. ಗಣಿಯ ಆಚೆ ಒಂದು ಕೋಣೆಯ ಶಾಲೆ. ಶಾಲೆಗೆ ಆತುಕೊಂಡೇ ತಂಗಿಯ ಮನೆ. ಐದು ತರಗತಿ, ನಲವತ್ತೊಂದು ಮಕ್ಕಳು. ಒಂದು ಗೋಡೆಗೆ ಒಂದನೇ ತರಗತಿ, ಇನ್ನೊಂದು ಗೋಡೆಗೆ ಎರಡನೆಯದು. ಐದನೇ ತರಗತಿಗೆ ಗೋಡೆ ಸಾಲದೆ ಬಾಗಿಲ ಕಡೆ ಮುಖಮಾಡಿ ಕೂರುತ್ತಿತ್ತು. ಹನ್ನೊಂದು ವರ್ಷ ಆ ಕೋಣೆಯಲ್ಲಿ ನಿಂತೂ ನಿಂತೂ ತಂಗಿಯ ಎಡ ಮಂಡಿ ಸವೆದುಹೋಗಿತ್ತು.

ಆಪರೇಷನ್ನಿಗೆ ಆಸ್ಪತ್ರೆಯವರು ದಿನ ಕೊಟ್ಟಿದ್ದರು, ಮುಂದಿನ ತಿಂಗಳ ಎರಡನೇ ಮಂಗಳವಾರ. ಹಿಂದಿನ ದಿನವೇ ಬಂದು ಸೇರಬೇಕು, ಆರು ವಾರ ವಿಶ್ರಾಂತಿ. ಈ ದಿನ ತಪ್ಪಿದರೆ ಮತ್ತೆ ಸರದಿ ಬರಲು ಒಂದು ವರ್ಷ, ಅಷ್ಟರಲ್ಲಿ ಮಂಡಿ ಮಡಚುವುದನ್ನೇ ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ತಂಗಿ ರಜೆಗೂ ಬದಲಿ ಶಿಕ್ಷಕರಿಗೂ ಅರ್ಜಿ ಹಾಕಿದ್ದಳು. ಅರ್ಜಿ ವಾಪಸು ಬಂದಿತ್ತು. ಅದನ್ನು ಹಾಸಿಗೆಯ ಕೆಳಗಿಂದ ತೆಗೆದು ಅಕ್ಕನ ಕೈಗಿಟ್ಟಳು.

“ನಿಮ್ಮ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಲಭ್ಯರಿರುವುದರಿಂದ ಬದಲಿ ಶಿಕ್ಷಕರನ್ನು ಒದಗಿಸಲು ಅವಕಾಶವಿಲ್ಲ. ರಜೆಗೆ ಇನ್ನೊಬ್ಬ ಶಿಕ್ಷಕರ ಒಪ್ಪಿಗೆ ಪತ್ರ ಲಗತ್ತಿಸಿ.” ಕೆಳಗೆ ಆಧಾರ ಕೊಟ್ಟಿದ್ದರು: ಸದನದಲ್ಲಿ ಸಚಿವರು ನೀಡಿದ ಉತ್ತರ, ಸಂಖ್ಯೆ, ದಿನಾಂಕ.

“ಅಕ್ಕಾ, ನೀನು ದೊಡ್ಡ ಆಫೀಸಿನಲ್ಲಿದ್ದೀಯ. ಆ ಇನ್ನೊಬ್ಬರು ಯಾರು ಅಂತ ಒಂದ್ಸಲ ವಿಚಾರಿಸಿ ಹೇಳು. ಏಳು ವರ್ಷದಿಂದ ಒಂದೇ ಕೋಣೇಲಿ ಇದ್ದೀವಂತೆ. ಇನ್ನೂ ಮುಖ ನೋಡಿಲ್ಲ.”

“ಆಪರೇಷನ್ ಮುಖ್ಯ ಕಣೇ. ಬೀಗ ಹಾಕಿ ಹೊರಡು.”

“ಬೀಗ ಹಾಕಿದ್ರೆ ಮಕ್ಕಳು ಅಮ್ಮಂದಿರ ಹಿಂದೆ ಗಣಿಗೆ ಹೋಗ್ತಾರೆ. ನನಗೆ ಜ್ವರ ಬಂದು ಹತ್ತು ದಿನ ಮಲಗಿದ ವರ್ಷ ನಾಲ್ಕು ಮಕ್ಕಳು ಹೋದ್ರು. ಅವರು ಈಗ್ಲೂ ಅಲ್ಲೇ ಕಲ್ಲು ಹೊರ್ತಿದ್ದಾರೆ. ಬೆಳಿಗ್ಗೆ ಎದುರಿಗೆ ಸಿಕ್ಕಿದ್ರೆ ನಮಸ್ತೆ ಟೀಚರ್ ಅಂತಾರೆ.”

ಉತ್ತರಮ್ಮ ಕಾಗದವನ್ನು ಮಡಚಿದಳು, ಬಿಡಿಸಿದಳು. “ಈ ವಾಕ್ಯ ಬರೆದದ್ದು ನಾನೇ” ಎಂದಳು.

ತಂಗಿ ಕಾಗದವನ್ನು ವಾಪಸು ತೆಗೆದುಕೊಂಡಳು. “ಅದಕ್ಕೇ ಅಂದ್ಕೊಂಡೆ. ಓದೋಕೆ ಎಷ್ಟು ಚೆನ್ನಾಗಿದೆ. ನಮ್ಮ ಕಡೆ ಗುಮಾಸ್ತರಿಗೆ ಇಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ” ಎಂದು ಮಂಡಿ ಹಿಡಿದುಕೊಂಡು ಎದ್ದು, ಅಕ್ಕನಿಗೆ ಊಟಕ್ಕೆ ತಟ್ಟೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಉತ್ತರಮ್ಮನಿಗೆ ಅನಿಸಿತು.

ಸೋಮವಾರ ಅವಳು ಕಡತ ಹಿಡಿದು ಕಾರ್ಯದರ್ಶಿಗಳ ಕೋಣೆಗೆ ಹೋದಳು. ಜಿಲ್ಲೆಗಳಿಂದ ಪ್ರತಿ ವರ್ಷ ಬರುವ ಪಟ್ಟಿಯಲ್ಲಿ ಎರಡು ಸಾಲುಗಳಿರುತ್ತಿದ್ದವು: ಲಭ್ಯವಿರುವ ಶಿಕ್ಷಕರು, ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ಶಿಕ್ಷಕರು. ಸದನಕ್ಕೆ ಹೋಗುವುದು ಮೊದಲನೆಯದು ಮಾತ್ರ. ಎರಡನೆಯದನ್ನು ಅವಳು ಕೂಡಿ ನೋಡಿದ್ದಳು. ಒಂದೇ ಸಹಿ ಬೀಳುವ ಶಾಲೆಗಳು ಎರಡು ಸಾವಿರದ ಮುನ್ನೂರ ಹದಿನೆಂಟು.

“ಉತ್ತರ ಬದಲಾಯಿಸಬೇಕು ಸರ್.”

ಕಾರ್ಯದರ್ಶಿಗಳು ಪಟ್ಟಿಯನ್ನು ನೋಡಲಿಲ್ಲ, ಅವಳನ್ನು ನೋಡಿದರು. “ಏಳು ವರ್ಷ ಹೇಳಿದ್ದನ್ನ ಈಗ ತಪ್ಪು ಅಂದ್ರೆ, ಏಳು ವರ್ಷದ ತಪ್ಪಿಗೆ ಯಾರಾದರೂ ಸಿಗಬೇಕಲ್ಲಮ್ಮಾ. ಮೊದಲು ಬರೆದದ್ದು ಯಾರು?”

“ನಾನೇ ಸರ್.”

“ಮತ್ತೆ? ತಲೆ ಮೇಲೆ ತಾವೇ ಚಪ್ಪಡಿ ಎಳ್ಕೋತಾರೇನು ಯಾರಾದ್ರೂ? ನಿವೃತ್ತಿಗೆ ಎಷ್ಟು ವರ್ಷ ಇದೆ?”

“ನಾಲ್ಕು.”

“ನಾಲ್ಕು ವರ್ಷ ಎಲ್ಲಾ ಶಾಲೇಲೂ ಇಬ್ಬರು ಇರಲಿ ಬಿಡಿ.”

ತನ್ನ ತಂಗಿಯೂ ಅಂಥ ಒಂದು ಶಾಲೆಯಲ್ಲಿದ್ದಾಳೆ ಎಂಬುದನ್ನೂ ಹೇಳಿದಳು; ಮುಚ್ಚಿಡುವುದು ಸರಿಯಲ್ಲ ಎನಿಸಿತು. ಕಾರ್ಯದರ್ಶಿಗಳ ಮುಖ ಬಿಗಿಯಿತು. ಸ್ವಂತದವರ ವಿಷಯ ಕಡತಕ್ಕೆ ತಂದರೆ ಶಿಸ್ತು ಕ್ರಮ ಆಗುತ್ತದೆ, ಈ ಮಾತು ನಾನು ಕೇಳಿಯೇ ಇಲ್ಲ ಎಂದುಕೊಳ್ಳುತ್ತೇನೆ ಎಂದರು. ಉತ್ತರ ಹಳೆಯದೇ ಮುದ್ರಣಕ್ಕೆ ಹೋಯಿತು. ಅದರ ಜೊತೆಗೆ, ಸದಸ್ಯರು ಎದ್ದು ಮೇಲಿಂದ ಮೇಲೆ ಕೇಳಬಹುದಾದ ಪೂರಕ ಪ್ರಶ್ನೆಗಳನ್ನು ಊಹಿಸಿ, ಅರವತ್ತನಾಲ್ಕು ಪ್ರಶ್ನೆಗೆ ಅರವತ್ತನಾಲ್ಕು ಉತ್ತರ ಬರೆದು ಅವಳು ಸಚಿವರಿಗೆ ಕಟ್ಟು ಕಟ್ಟಿ ಕಳಿಸಿದಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರಶ್ನೋತ್ತರ ವೇಳೆ. ಸಚಿವರ ಆಸನದ ಹಿಂದೆ, ಮರದ ಕಟಾಂಜನದ ಆಚೆ, ಅಧಿಕಾರಿಗಳು ಕೂರುವ ಜಾಗ. ಅಲ್ಲಿ ಬಾಯಿ ಬಿಡುವಂತಿಲ್ಲ. ಸಚಿವರು ಹಿಂದೆ ತಿರುಗಿ ನೋಡಿದರೆ ಚೀಟಿ ಬರೆದು ಬಿಳಿ ಸಮವಸ್ತ್ರದ ಸೇವಕನ ಕೈಗೆ ಕೊಡಬೇಕು. ಕಾರ್ಯದರ್ಶಿಗಳು ಒಂದು ಕುರ್ಚಿಯಲ್ಲಿ, ಉತ್ತರಮ್ಮ ಪಕ್ಕದಲ್ಲಿ, ಮೊಣಕಾಲ ಮೇಲೆ ಚೀಟಿಗಳ ಕಟ್ಟು.

ಸಚಿವರು ಉತ್ತರ ಓದಿದರು. ಚೆನ್ನಾಗಿಯೇ ಓದಿದರು. ಮುದುಕಿ ಸದಸ್ಯೆ ಮೈಕಿನ ಬಳಿ ಬಾಗಿದರು.

“ಮಾನ್ಯ ಸಚಿವರು ಎಲ್ಲಾ ಶಾಲೇಲೂ ಇಬ್ಬರಿದ್ದಾರೆ ಅಂದ್ರು. ಬಹಳ ಸಂತೋಷ. ನಾನು ಹೆಚ್ಚಿಗೆ ಏನೂ ಕೇಳಲ್ಲ. ಆ ಇನ್ನೊಬ್ಬರು ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತಾರೆ?”

ಯಾರೋ ಒಬ್ಬರು ನಕ್ಕರು. ಸಚಿವರು ಅರವತ್ತನಾಲ್ಕು ಪ್ರಶ್ನೆಗಳ ಕಟ್ಟನ್ನು ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು. ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಉತ್ತರಮ್ಮನಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಸಚಿವರು ಹಿಂದೆ ತಿರುಗಿ ನೋಡಿದರು.

“ಸರ್ಕಾರ ನಿಗದಿಪಡಿಸಿದ ವೇಳೆಗೆ ಅಂತ ಬರೀರಿ, ಬೇಗ” ಎಂದು ಕಾರ್ಯದರ್ಶಿಗಳು ಕಿವಿಯಲ್ಲಿ ಉಸುರಿದರು.

ಉತ್ತರಮ್ಮ ಪೆನ್ನು ತೆಗೆದಳು. ಕಣ್ಣು ಮುಚ್ಚಿದಳು. ದಿನಾ ಬೇಡುವುದನ್ನೇ ಬೇಡಿದಳು. ಆದರೆ ಇವತ್ತು, ಬೇಡಿದ್ದನ್ನು ಮೊದಲು ಮಾಡಬೇಕಾದವಳು ತಾನೇ ಅಲ್ಲವೇ ಎಂಬ ಯೋಚನೆ ಬಂತು. ಇಷ್ಟು ವರ್ಷ ಅದು ಯಾಕೆ ಬರಲಿಲ್ಲವೋ ಅವಳಿಗೇ ತಿಳಿಯದು. ಕಣ್ಣು ತೆರೆದು ದುಂಡಗೆ ಬರೆದಳು: “ಬರುವುದಿಲ್ಲ. ಅವರು ಪಕ್ಕದ ಶಾಲೆಯ ಶಿಕ್ಷಕರು. ಅವರನ್ನು ಎರಡು ಕಡೆ ಎಣಿಸಲಾಗಿದೆ.”

ಚೀಟಿ ಹೋಯಿತು. ಸಚಿವರು ಅದನ್ನು ಕನ್ನಡಕವಿಲ್ಲದೆಯೇ ಸ್ಪಷ್ಟವಾಗಿ ಗಟ್ಟಿಯಾಗಿ ಓದಿದರು. ‘ಎಣಿಸಲಾಗಿದೆ’ಗೆ ಬಂದಾಗ ಅವರ ಧ್ವನಿ ಸ್ವಲ್ಪ ನಿಧಾನವಾಯಿತು. ಅಷ್ಟು ಹೊತ್ತಿಗೆ ಓದಿ ಮುಗಿದಿತ್ತು.

ಸದನದಲ್ಲಿ ಗದ್ದಲ ಏಳಬೇಕಿತ್ತು. ಏಳಲಿಲ್ಲ. ಇಂಥ ಉತ್ತರಕ್ಕೆ ಹೇಗೆ ಗದ್ದಲ ಮಾಡಬೇಕೆಂದು ಯಾರಿಗೂ ಅಭ್ಯಾಸವಿರಲಿಲ್ಲ. ಮುದುಕಿ ಸದಸ್ಯೆ ಮಾತ್ರ, ತರಗತಿಯಲ್ಲಿ ದಡ್ಡ ಹುಡುಗ ಸರಿ ಹೇಳಿದಾಗ ಮಾಡುವಂತೆ ತಲೆಯಾಡಿಸಿ ಎರಡನೇ ಪೂರಕ ಪ್ರಶ್ನೆ ಕೇಳಿದರು: “ಇಂಥ ಶಾಲೆಗಳು ಎಷ್ಟು?”

ಸಚಿವರು ಮತ್ತೆ ತಿರುಗಿದರು. ಕಾರ್ಯದರ್ಶಿಗಳು ಈ ಸಲ ಉತ್ತರಮ್ಮನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ಬರೆದು ಕಳಿಸಿದರು: “ಮಾಹಿತಿ ಸಂಗ್ರಹಿಸಲಾಗುತ್ತಿದೆ.” ಅವರ ಅಕ್ಷರ ಇರುವೆ ಮಸಿಗೆ ಬಿದ್ದು ಎದ್ದು ಓಡಿದಂತಿತ್ತು. ಸಚಿವರು ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಮೈಕ್ ಚಾಲೂ ಇದೆಯೆಂಬುದನ್ನು ಮರೆತು, “ಓದೋಕಾಗ್ತಿಲ್ಲ, ಆ ತಾಯಿ ಕೈಲೇ ಬರೆಸಿ” ಎಂದರು. ಇಡೀ ಸದನ ಕಟಾಂಜನದ ಕಡೆ ನೋಡಿತು. ಅಷ್ಟು ಜನ ನೋಡುತ್ತಿರುವಾಗ ಪೆನ್ನನ್ನು ವಾಪಸು ಕೊಡದಿರುವುದು ಕಾರ್ಯದರ್ಶಿಗಳಿಗೂ ಆಗಲಿಲ್ಲ.

ನೀರಿಗೆ ಬಿದ್ದವಳಿಗೆ ಚಳಿಯೇನು. ಉತ್ತರಮ್ಮ ಸಂಖ್ಯೆ ಬರೆದಳು.

ಮಧ್ಯಾಹ್ನ ಸಚಿವರು ಅವಳನ್ನು ಕರೆಸಿದರು. ಕಾರ್ಯದರ್ಶಿಗಳು ಆಗಲೇ ಅಲ್ಲಿ ನಿಂತಿದ್ದರು.

“ನಾನು ಸದನದಲ್ಲಿ ಚೀಟಿ ನೋಡಿ ಓದಿದ್ದು ನಿಜಾನಾ?”

“ನಿಜ ಸರ್.”

“ಅದಕ್ಕೆ ಮುಂಚೆ ಓದಿದ್ದು?”

“ಅದು ಉತ್ತರ ಸರ್.”

ಸಚಿವರು ರೂಢಿಯಂತೆ ಕಾದರು. ಅವರು ಬೇರೇನೂ ಕೇಳಿರಲಿಲ್ಲ. ಆದರೂ ಉತ್ತರಮ್ಮ ಹೇಳಿದಳು: ತಂಗಿಯ ಶಾಲೆ, ಮಂಡಿ, ಮಂಗಳವಾರ, ಒಪ್ಪಿಗೆ ಪತ್ರ, ಆ ವಾಕ್ಯ ಬರೆದದ್ದು ತಾನೇ ಎಂಬುದು, ಅದಕ್ಕೆ ಕಾಫಿ ಸಿಕ್ಕಿದ್ದು. ಸಚಿವರು ಕೊನೆಯವರೆಗೂ ಕೇಳಿಸಿಕೊಂಡರು.

“ಹಲ್ಲು ನೋವು ಅಂತ ಬಂದವರು ಕುರ್ಚಿಲಿ ಕೂತ ತಕ್ಷಣ ನೋವಿಲ್ಲ ಅಂತಾರೆ” ಎಂದರು. “ಅವರ ಮಾತು ನಂಬಿ ಕಳಿಸಿದ್ರೆ ದವಡೆ ಹೋಗತ್ತೆ. ಸರಿ. ಆ ಶಾಲೆಗಳಿಗೆ ಬದಲಿ ಶಿಕ್ಷಕರನ್ನ ಕೊಡೋ ಆದೇಶ ಮಾಡಿ” ಎಂದು ಕಾರ್ಯದರ್ಶಿಗಳಿಗೆ ಹೇಳಿ ಅವಳ ಕಡೆ ತಿರುಗಿದರು. “ನಿಮ್ಮ ಮೇಲೆ ವಿಚಾರಣೆ ಆಗತ್ತಮ್ಮಾ, ಅದು ನನ್ನ ಕೈಲಿಲ್ಲ.”

“ಆಗಲಿ ಸರ್.”

ವಿಚಾರಣೆ ಆಯಿತು. ಅವಳನ್ನು ಉತ್ತರದ ಮೇಜಿನಿಂದ ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕಿದರು. ಆದರೆ ಏಳು ವರ್ಷದ ಉತ್ತರಗಳನ್ನು ಸದನದಲ್ಲಿ ತಿದ್ದುವ ಹೇಳಿಕೆ ಹೇಗೆ ಬರೆಯಬೇಕೆಂದು ಮೇಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಕಾಗದ ನೆಲಮಾಳಿಗೆಗೇ ಬಂತು, ಅವಳೇ ಬರೆದುಕೊಟ್ಟಳು. ತನ್ನ ವಿರುದ್ಧದ ನೋಟಿಸಿನಲ್ಲಿ ನಿಯಮದ ಸಂಖ್ಯೆ ತಪ್ಪಾಗಿದ್ದದ್ದನ್ನೂ ತಿದ್ದಿಕೊಟ್ಟಳು.

ಬದಲಿ ಶಿಕ್ಷಕರ ಆದೇಶವೂ ಆಯಿತು. ಮೆಟ್ಟಿಲಲ್ಲಿ ಸಿಕ್ಕ ಕಾರ್ಯದರ್ಶಿಗಳು ಅದನ್ನು ತಾವೇ ಹೇಳಿದರು. “ನಿಮ್ಮ ತಂಗಿ ಶಾಲೇನೂ ಪಟ್ಟಿಲಿದೆ. ಎರಡು ಸಾವಿರದ ಮುನ್ನೂರ ಹದಿನೆಂಟನೇದು. ತಂಗಿಗೋಸ್ಕರ ಮಾಡಿದ್ರು ಅಂತ ಯಾರೂ ಬೆರಳು ತೋರಿಸಬಾರದು ನೋಡಿ.”

“ಅಲ್ಲಿಗೆ ತಲುಪೋಕೆ ಎಷ್ಟು ದಿನ ಸರ್?”

“ದಿನಾನಾ?” ಎಂದು ಅವರು ಒಂದು ಮೆಟ್ಟಿಲು ಹತ್ತಿ, ಯೋಚಿಸಿ, ಮತ್ತೆ ಹತ್ತಿದರು.

ಆ ದಿನ ಮನೆಗೆ ಬಂದು ಉತ್ತರಮ್ಮ ಎರಡು ಸಲ ಫೋನ್ ಎತ್ತಿ ಎರಡು ಸಲ ಇಟ್ಟಳು. ಆಪರೇಷನ್ನಿಗೆ ಹನ್ನೊಂದು ದಿನ ಉಳಿದಿತ್ತು. “ನೀನು ಮಾಡೋದು ಮಾಡಿದ್ದೀಯ” ಎಂದ ಗಂಡ. “ಮಾಡಿದ್ದು ನಾನೇ” ಎಂದಳು. ಅವನು ಯಾವುದನ್ನು ಹೇಳಿದ, ಅವಳು ಯಾವುದನ್ನು ಹೇಳಿದಳು ಎಂಬುದು ಇಬ್ಬರಿಗೂ ತಿಳಿದಿತ್ತು.

ನಾಲ್ಕನೇ ದಿನ ತಂಗಿಯೇ ಫೋನ್ ಮಾಡಿದಳು. ಮಾತಿಗಿಂತ ನಗುವೇ ಹೆಚ್ಚು ಕೇಳಿಸುತ್ತಿತ್ತು.

ಆಗಿದ್ದು ಇಷ್ಟು. ಉತ್ತರಮ್ಮನ ಜಾಗಕ್ಕೆ ಬಂದವರು, ಎರಡು ಕಡೆ ಎಣಿಸಲಾದ ಶಿಕ್ಷಕರಿಗೆಲ್ಲ ಒಂದು ನೋಟಿಸು ಕಳಿಸಿದ್ದರು: ಏಳು ವರ್ಷದಿಂದ ನಿಮ್ಮ ಎರಡನೇ ಶಾಲೆಗೆ ಹಾಜರಾಗದಿರಲು ಕಾರಣವೇನು? ಅಂಥ ನೋಟಿಸು ಹಿಡಿದು ಉದ್ದನೆಯ ಮೇಷ್ಟ್ರೊಬ್ಬರು ಸೈಕಲ್ಲು ತಳ್ಳಿಕೊಂಡು ಗಣಿಯ ದಾರಿಯಲ್ಲಿ ಬಂದು ಶಾಲೆಯ ಬಾಗಿಲಲ್ಲಿ ನಿಂತರಂತೆ.

“ಯಾರು ಬೇಕಾಗಿತ್ತು?” ಎಂದಳಂತೆ ತಂಗಿ.

“ನಾನು ಏಳು ವರ್ಷದಿಂದ ಇಲ್ಲೇ ಪಾಠ ಮಾಡ್ತಿದ್ದೀನಂತೆ. ಹೇಗಿದೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ಓ, ನೀವೇನಾ! ಬನ್ನಿ ಬನ್ನಿ. ಸ್ವಲ್ಪ ತಡವಾಯ್ತು.”

ಮೇಷ್ಟ್ರು ಒಳಗೆ ಬಂದು ಐದು ತರಗತಿಗಳನ್ನೂ, ತಂಗಿಯ ಮಂಡಿಯನ್ನೂ, ವಾಪಸು ಬಂದ ಅರ್ಜಿಯನ್ನೂ ನೋಡಿದರು. ಅವರ ಶಾಲೆಯಲ್ಲಿ ನಿಜವಾಗಿಯೇ ಇಬ್ಬರಿದ್ದರು, ಅವರು ಮತ್ತು ಹೆಡ್‌ಮೇಷ್ಟ್ರು. ಹೋಗಿ ಹೆಡ್‌ಮೇಷ್ಟ್ರನ್ನು ಕೇಳಿಕೊಂಡು ಮರುದಿನ ಮತ್ತೆ ಬಂದರು. “ಆರು ವಾರ ನಾನೊಬ್ಬನೇ ನೋಡ್ಕೋತೀನಿ, ನನ್ನ ಶಾಲೇನೂ ಆ ಪಟ್ಟಿಗೆ ಸೇರಿಸಿಬಿಡಲಿ ಅಂದ್ರು ನಮ್ಮ ಹೆಡ್‌ಮೇಷ್ಟ್ರು” ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ನಿಯಮ ಕೇಳಿದ್ದು ಇನ್ನೊಬ್ಬ ಶಿಕ್ಷಕರ ಸಹಿಯನ್ನು, ಸಿಕ್ಕಿತು. ಎರಡು ದಿನದಲ್ಲಿ ರಜೆ ಮಂಜೂರಾಯಿತು.

ಸೋಮವಾರ ಬೆಳಿಗ್ಗೆ ಉತ್ತರಮ್ಮ ಮೊದಲ ಬಸ್ಸಿಗೇ ಹೋದಳು. ಮೇಷ್ಟ್ರು ಬಂದಿದ್ದರು. ತಂಗಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ಮೂರು ಸಲ ವಾಪಸು ಹೋದಳು. ಕಿಟಕಿಯ ಪಕ್ಕ ಕೂರುವವನಿಗೆ ಬೋರ್ಡು ಕಾಣಿಸುವುದಿಲ್ಲ, ಮುಂದೆ ಕೂರಿಸಿ. ಮೂರನೆಯವರ ಮಗ್ಗಿ ಏಳರಲ್ಲಿ ನಿಂತಿದೆ. ಬೀಗವನ್ನು ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಬೇಕು.

“ನಡಿಯೇ, ಬಸ್ ಹೋಗತ್ತೆ.”

“ಆಯ್ತು ಅಕ್ಕ, ಆಯ್ತು. ಮೇಷ್ಟ್ರೇ, ಗಣಿಯ ಸೈರನ್ ಆದ ಮೇಲೆ ಒಮ್ಮೆ ತಲೆ ಎಣಿಸಿ. ಒಬ್ಬೊಬ್ಬರನ್ನ ಒಂದೊಂದೇ ಸಲ ಎಣಿಸಿ.”

ಬಸ್ಸಿನ ಮೆಟ್ಟಿಲು ಎತ್ತರವಾಗಿತ್ತು. ತಂಗಿ ಬಲಗಾಲಿಟ್ಟು ಕಂಬಿ ಹಿಡಿದಳು, ಎಡಗಾಲು ಏಳಲಿಲ್ಲ. ಉತ್ತರಮ್ಮ ಹಿಂದಿನಿಂದ ಎರಡೂ ಕೈಕೊಟ್ಟು ನೂಕಿದಳು. ಹತ್ತಿದರು.

ಕಂಡಕ್ಟರು ತಂಗಿಯನ್ನು ಹನ್ನೊಂದು ವರ್ಷದಿಂದ ಬಲ್ಲವನು. ಸೋಮವಾರ ಬೆಳಿಗ್ಗೆ ಅವಳನ್ನು ಬಸ್ಸಿನಲ್ಲಿ ಕಂಡಿದ್ದು ಇದೇ ಮೊದಲು.

“ಏನ್ ಟೀಚರ್, ಇವತ್ತು ಸ್ಕೂಲ್ ಇಲ್ವಾ?”

“ಇದೆ ಕಣಪ್ಪಾ” ಎಂದಳು ತಂಗಿ, ಕಿಟಕಿಯಿಂದ ಹಿಂದಕ್ಕೆ ನೋಡುತ್ತಾ. “ಇನ್ನೊಬ್ಬರಿದ್ದಾರೆ.”

ಕಂಡಕ್ಟರು ಆಸ್ಪತ್ರೆ ನಿಲ್ದಾಣಕ್ಕೆ ಎರಡು ಟಿಕೆಟ್ ಹರಿದುಕೊಟ್ಟ. ಉತ್ತರಮ್ಮ ತಂಗಿಯ ಎಡಗಾಲನ್ನು ಎತ್ತಿ ಎದುರಿನ ಸೀಟಿನ ಮೇಲೆ ತನ್ನ ಚೀಲ ಇಟ್ಟು ಅದರ ಮೇಲಿರಿಸಿದಳು.